ಕಲಬುರಗಿಯಿಂದ ಮೈಸೂರಿಗೆ ಎಷ್ಟು ದೂರ, ಎಷ್ಟು ಹೊತ್ತು?



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಯಾರನ್ನಾದರೂ ನಿಲ್ಲಿಸಿ "ಆ ಊರು ಎಷ್ಟು ದೂರ?" ಎಂದು ಕೇಳಿ ನೋಡಿ. "ಬಸ್ಸಿಗೆ ಒಂದು ತಾಸು" ಎಂದೋ, "ಈಗ ಹೊರಟರೆ ಹೊತ್ತು ಮುಳುಗುವುದರೊಳಗೆ ಸೇರಬಹುದು" ಎಂದೋ ಉತ್ತರ ಬರುತ್ತದೆ. ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ಶಾಲೆಯಲ್ಲಿ ವಿಜ್ಞಾನ ಓದಿದವರಿಗೆ ಇದು ತಪ್ಪು ಉತ್ತರವೆನಿಸಬಹುದು. ದೂರ ಬೇರೆ, ಕಾಲ ಬೇರೆ, ಇವೆರಡನ್ನು ಜೋಡಿಸುವುದು ವೇಗ ಎಂದು ನಾವು ಕಲಿತಿದ್ದೇವೆ. ಆದರೆ ಪ್ರಯಾಣ ಮಾಡುವವನಿಗೆ ಬೇಕಾದದ್ದು ಹೊತ್ತು. ಹಳ್ಳಿಯವರು ಕೊಡುವ ಉತ್ತರದಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಇಂದು ವಿಮಾನದ ಲೆಕ್ಕದಿಂದಲೇ ನೋಡೋಣ.

ನಮ್ಮ ರಾಜ್ಯದ ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳನ್ನು ಆರಿಸಿಕೊಳ್ಳೋಣ. ಒಂದು, ಉತ್ತರದ ಕಲಬುರಗಿ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ನಿಲ್ದಾಣ ಇದು. ಇನ್ನೊಂದು, ದಕ್ಷಿಣದ ಮೈಸೂರು. ಊರ ಹೊರಗೆ ಮಂಡಕಳ್ಳಿಯಲ್ಲಿರುವ ಈ ನಿಲ್ದಾಣ ಅರಸರ ಕಾಲದಲ್ಲಿ ಹುಟ್ಟಿದ್ದು. ಹೊಸ ರೂಪದಲ್ಲಿ ತೆರೆದದ್ದು 2010ರಲ್ಲಿ. ಇವೆರಡರ ನಡುವೆ ಎಷ್ಟು ದೂರ? ಹಾರುವುದಕ್ಕೆ ಎಷ್ಟು ಹೊತ್ತು? ಪ್ರಶ್ನೆ ಸಣ್ಣದು. ಉತ್ತರ ಮಾತ್ರ ನಾವಂದುಕೊಂಡಷ್ಟು ಸರಳವಾಗಿಲ್ಲ.

ಟೆಲಿವಿಷನ್ ತೆರೆಯ ಮೇಲಾದರೆ ಒಂದು ನಕ್ಷೆ ತೋರಿಸಿ, ಅದರ ಮೇಲೆ ಗೆರೆ ಎಳೆದು ಮುಂದೆ ಹೋಗಬಹುದು. ಅಚ್ಚಿನ ಪುಟದಲ್ಲಿ ಆ ಸೌಕರ್ಯವಿಲ್ಲ. ಮನೆಯಲ್ಲಿ ಮಕ್ಕಳ ಅಟ್ಲಾಸ್ ಇದ್ದರೆ ತೆಗೆದುಕೊಳ್ಳಿ; ಒಂದು ಅಡಿಪಟ್ಟಿಯೂ ಇರಲಿ. ಕರ್ನಾಟಕದ ನಕ್ಷೆಯಲ್ಲಿ ಕಲಬುರಗಿಯಿಂದ ಮೈಸೂರಿಗೆ ನೂಲು ಹಿಡಿದಂತೆ ನೇರವಾಗಿ ಒಂದು ಗೆರೆ ಎಳೆಯಿರಿ. ಗೆರೆ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಸಿಂಧನೂರಿನ ಪಕ್ಕ, ಸಿರುಗುಪ್ಪದ ಸಮೀಪ, ಬಳ್ಳಾರಿಯ ಪಡುವಣಕ್ಕೆ ಸ್ವಲ್ಪ ಸರಿದು, ಮೊಳಕಾಲ್ಮೂರಿನ ಮಗ್ಗುಲಿಗೆ ಬರುತ್ತದೆ. ಅಲ್ಲಿಂದ ಚಳ್ಳಕೆರೆಯನ್ನೂ ಹಿರಿಯೂರನ್ನೂ ಬಲಕ್ಕೆ ಬಿಟ್ಟು, ತುರುವೇಕೆರೆ, ನಾಗಮಂಗಲಗಳ ಹತ್ತಿರ ಹಾದು, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರುತ್ತದೆ.

ಈಗ ಅಳೆಯೋಣ. ಕಲಬುರಗಿ ನಿಲ್ದಾಣ ಇರುವುದು 17.31 ಡಿಗ್ರಿ ಉತ್ತರ ಅಕ್ಷಾಂಶ, 76.96 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮೈಸೂರಿನದು 12.23 ಮತ್ತು 76.66. ಅಕ್ಷಾಂಶಗಳ ವ್ಯತ್ಯಾಸ 5.08 ಡಿಗ್ರಿ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 110.6 ಕಿಲೋಮೀಟರ್. ಗುಣಿಸಿದರೆ 562 ಕಿಲೋಮೀಟರ್ ಆಯಿತು. ರೇಖಾಂಶಗಳ ವ್ಯತ್ಯಾಸ 0.3 ಡಿಗ್ರಿ ಮಾತ್ರ. ಒಂದು ಡಿಗ್ರಿ ರೇಖಾಂಶ ಇಲ್ಲಿ ಸುಮಾರು 107.5 ಕಿಲೋಮೀಟರ್ ಆದ್ದರಿಂದ ಅದು 32 ಕಿಲೋಮೀಟರ್. ಇವೆರಡೂ ಒಂದು ಲಂಬಕೋನ ತ್ರಿಭುಜದ ಎರಡು ಬದಿಗಳು. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯವನ್ನು ನೆನಪಿಸಿಕೊಂಡರೆ ಮೂರನೆಯ ಬದಿ ಸುಮಾರು 563 ಕಿಲೋಮೀಟರ್. ಭೂಮಿ ಗುಂಡಗಿದೆಯಲ್ಲ, ಸಮತಟ್ಟಾದ ತ್ರಿಭುಜದ ಲೆಕ್ಕ ನಡೆಯುತ್ತದೆಯೇ ಎಂದು ಕೇಳಬಹುದು. ಇಷ್ಟು ಸಣ್ಣ ದೂರಕ್ಕೆ, ನಮ್ಮ ಉಪಯೋಗಕ್ಕೆ, ನಡೆಯುತ್ತದೆ. ಸಾಗರಗಳನ್ನು ದಾಟುವಾಗ ಬೇರೆ ಸೂತ್ರ ಬೇಕು.

ಈ ಗೆರೆಯ ನಟ್ಟನಡುವಿನ ಬಿಂದು ಎಲ್ಲಿ ಬೀಳುತ್ತದೆಂದು ನೋಡಿ. ಅಕ್ಷಾಂಶ 14.77, ರೇಖಾಂಶ 76.81. ಅದು ಮೊಳಕಾಲ್ಮೂರು ಪಟ್ಟಣದಿಂದ ಹತ್ತು ಕಿಲೋಮೀಟರಿನೊಳಗೆ ಇದೆ. ಬ್ರಹ್ಮಗಿರಿಯ ಬಂಡೆಗಳಿಗೆ ಇನ್ನೂ ಹತ್ತಿರ. ಕಲಬುರಗಿಯವರಿಗೂ ಮೈಸೂರಿನವರಿಗೂ ಸಮಾನ ದೂರದಲ್ಲಿರುವ ನೆಲ ಇದು.

ಈ ನೆಲಕ್ಕೆ ಪ್ರಯಾಣದ ಲೆಕ್ಕ ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ರವಾನಿಸಿದ ಸಂದೇಶದ ರೂಪದಲ್ಲಿ ಶಾಸನ ಆರಂಭವಾಗುತ್ತದೆ. ಎಂದರೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ, ದಾರಿ ಸವೆಸಿ ಬಂದ ಕಾಗದ. ಅದರಲ್ಲಿ 256 ಎಂಬ ಒಂದು ಅಂಕಿ ಇದೆ. ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಅದು ಎಂದು ಅನೇಕ ವಿದ್ವಾಂಸರು ಅರ್ಥ ಮಾಡಿದ್ದಾರೆ. ಇದನ್ನು ಒಪ್ಪುವುದಾದರೆ, ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೂ ಪ್ರಯಾಣವನ್ನು ಅಳೆದದ್ದು ಹೊತ್ತಿನಿಂದಲೇ.

ಇನ್ನು ವಿಮಾನದ ಹೊತ್ತಿಗೆ ಬರೋಣ. ನಮ್ಮ ಸಣ್ಣ ನಿಲ್ದಾಣಗಳಲ್ಲಿ ಬಹಳವಾಗಿ ಕಾಣುವುದು ಎಟಿಆರ್ 72 ಎಂಬ, ಎರಡು ಪಂಖಗಳ ವಿಮಾನ. ಸುಮಾರು 70 ಜನ ಕೂರಬಹುದು. ಮೇಲೇರಿದ ನಂತರ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 500 ಕಿಲೋಮೀಟರ್. 563ನ್ನು 500ರಿಂದ ಭಾಗಿಸಿದರೆ 68 ನಿಮಿಷ ಬರುತ್ತದೆ. ದೂರ ಮತ್ತು ಹಾರಾಟದ ಅವಧಿ ತಿಳಿಸುವ ಪಟ್ಟಿಗಳಲ್ಲಿ ಅನೇಕ ವೇಳೆ ನೀವು ನೋಡುವುದು ಇಂಥದೇ ಅಂಕಿ. ಆದರೆ 68 ನಿಮಿಷದಲ್ಲಿ ಯಾವ ಪ್ರಯಾಣಿಕನೂ ಕಲಬುರಗಿಯಿಂದ ಮೈಸೂರಿಗೆ ಬರಲಾರ.

ಏಕೆಂದರೆ ವಿಮಾನ ನಿಂತಲ್ಲಿಂದಲೇ 500ರ ವೇಗದಲ್ಲಿ ಜಿಗಿಯುವುದಿಲ್ಲ. ಮೊದಲು ಓಡುದಾರಿಯ ತುದಿಯವರೆಗೆ ನಿಧಾನವಾಗಿ ಉರುಳಬೇಕು. ಗೋಪುರದಿಂದ ಅನುಮತಿ ಸಿಗಬೇಕು. ಏರುವಾಗ ವೇಗ ಕಡಿಮೆ, ಇಳಿಯುವಾಗಲೂ ಕಡಿಮೆ. ಕೊನೆಗೆ ಗಾಳಿಗೆ ಎದುರಾಗಿ ಇಳಿಯಲು ಅನುಕೂಲವಾಗುವಂತೆ ಸುತ್ತು ಹಾಕಬೇಕಾಗಬಹುದು. ವಿಮಾನ ನಡೆಸುವವರು ಆದ್ದರಿಂದಲೇ 'ಬ್ಲಾಕ್ ಟೈಮ್' ಎಂಬ ಲೆಕ್ಕ ಇಟ್ಟುಕೊಂಡಿದ್ದಾರೆ. ನಿಂತ ಲಾರಿ ಉರುಳದಿರಲೆಂದು ಗಾಲಿಗೆ ಕಲ್ಲು ಕೊಡುತ್ತಾರಲ್ಲ, ಹಾಗೆ ವಿಮಾನದ ಗಾಲಿಗೂ ಅಡ್ಡಗಟ್ಟೆ ಇಡುತ್ತಾರೆ. ಹೊರಡುವ ಊರಿನಲ್ಲಿ ಅದನ್ನು ತೆಗೆದ ಕ್ಷಣದಿಂದ, ಸೇರುವ ಊರಿನಲ್ಲಿ ಮತ್ತೆ ಇಟ್ಟ ಕ್ಷಣದವರೆಗಿನ ಹೊತ್ತು ಬ್ಲಾಕ್ ಟೈಮ್. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಇದೇ.

ಉರುಳುವುದು, ಏರುವುದು, ಇಳಿಯುವುದು ಇವೆಲ್ಲದರ ಹೆಚ್ಚುವರಿ ಹೊತ್ತನ್ನು 25 ನಿಮಿಷವೆಂದು ಇಟ್ಟುಕೊಳ್ಳೋಣ. ಇದು ನಮ್ಮ ಲೆಕ್ಕಕ್ಕಾಗಿ ಹಿಡಿದ ಒಂದು ಅಂದಾಜು. ಈ 25 ನಿಮಿಷದ ಗುಣವೇನೆಂದರೆ, ನೀವು 150 ಕಿಲೋಮೀಟರ್ ಹಾರಿದರೂ ಅಷ್ಟೇ, ಸಾವಿರ ಕಿಲೋಮೀಟರ್ ಹಾರಿದರೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಸೂತ್ರ ಸುಲಭ: ಪ್ರತಿ 100 ಕಿಲೋಮೀಟರಿಗೆ 12 ನಿಮಿಷ, ಅದರ ಮೇಲೆ 25. ಕಲಬುರಗಿ–ಮೈಸೂರಿಗೆ 68 ಮತ್ತು 25 ಸೇರಿ 93 ನಿಮಿಷ. ನೇರ ವಿಮಾನವಿದ್ದರೆ ಒಂದೂವರೆ ಗಂಟೆ ಎನ್ನಿ.

ಜೆಟ್ ವಿಮಾನವಾದರೆ? ಗಂಟೆಗೆ 800 ಕಿಲೋಮೀಟರ್ ಎಂದು ಹಿಡಿದರೆ 42 ನಿಮಿಷ, 25 ಸೇರಿ 67. ಉಳಿದದ್ದು 26 ನಿಮಿಷ. ವೇಗ ಶೇಕಡಾ 60ರಷ್ಟು ಹೆಚ್ಚಾದರೂ ಹೊತ್ತು ಆ ಪ್ರಮಾಣದಲ್ಲಿ ಕಡಿಮೆಯಾಗಲಿಲ್ಲ. ಅದೂ ಅಲ್ಲದೆ ಇನ್ನೊಂದು ತೊಡಕು. ಕಲಬುರಗಿಯ ಓಡುದಾರಿ 3,175 ಮೀಟರ್ ಉದ್ದವಾಗಿದೆ. ಮೈಸೂರಿನದು 2010ರಲ್ಲಿ ತೆರೆದಾಗ 1,740 ಮೀಟರ್. ಅಷ್ಟು ಉದ್ದ ಎಟಿಆರ್‌ಗೆ ಸಾಕು, ದೊಡ್ಡ ಜೆಟ್‌ಗಳ ದಿನನಿತ್ಯದ ಸಂಚಾರಕ್ಕೆ ಸಾಲದು. ಎರಡು ಊರುಗಳ ನಡುವೆ ಯಾವ ವಿಮಾನ ಹಾರಬಹುದೆಂಬುದನ್ನು ಚಿಕ್ಕ ಓಡುದಾರಿ ನಿರ್ಧರಿಸುತ್ತದೆ.

ಗಾಳಿಯ ಮಾತೂ ಇದೆ. ಗಂಟೆಗೆ 60 ಕಿಲೋಮೀಟರ್ ಗಾಳಿ ನೇರ ಎದುರಿನಿಂದ ಬೀಸಿದರೆ 500ರ ವೇಗ ನೆಲದ ಲೆಕ್ಕದಲ್ಲಿ 440ಕ್ಕೆ ಇಳಿಯುತ್ತದೆ. 68 ನಿಮಿಷ 77 ಆಗುತ್ತದೆ. ಹಿಂದಿನಿಂದ ಬೀಸಿದರೆ ವೇಗ 560ಕ್ಕೇರಿ 60 ನಿಮಿಷ ಸಾಕು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಹೊತ್ತೂ ಬರುವ ಹೊತ್ತೂ ಕೆಲವೊಮ್ಮೆ ಬೇರೆಯಾಗಿರುವುದಕ್ಕೆ ಇಂಥ ಗಾಳಿಯೂ ಒಂದು ಕಾರಣ. ನಮ್ಮ ಗೆರೆ ಉತ್ತರ–ದಕ್ಷಿಣವಾಗಿರುವುದರಿಂದ ಪಡುವಣ ಗಾಳಿ ಅಡ್ಡಲಾಗಿ ಬೀಸುತ್ತದೆ. ಆಗ ಚಾಲಕನು ವಿಮಾನದ ಮೂತಿಯನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿಕೊಂಡು ಹೋಗುತ್ತಾನೆ. ತುಂಬಿದ ಹೊಳೆಯಲ್ಲಿ ಹರಿಗೋಲು ನಡೆಸುವವನು ದಡದ ಮೇಲುಭಾಗಕ್ಕೆ ಗುರಿಯಿಟ್ಟು ಹುಟ್ಟು ಹಾಕುವುದಿಲ್ಲವೇ, ಹಾಗೆ. ಅಡ್ಡಗಾಳಿ 60 ಇದ್ದರೆ ನಷ್ಟವಾಗುವುದು ಅರ್ಧ ನಿಮಿಷ ಮಾತ್ರ. ಈ ದಾರಿಗೆ ಗಾಳಿ ದೊಡ್ಡ ಶತ್ರುವಲ್ಲ.

ಹಾಗಾದರೆ ಶತ್ರು ಯಾವುದು? ಸಣ್ಣ ನಿಲ್ದಾಣಗಳ ನಡುವೆ ಸಾಮಾನ್ಯವಾಗಿ ನೇರ ವಿಮಾನ ಇರುವುದಿಲ್ಲ. ದೊಡ್ಡ ಊರಿಗೆ ಹೋಗಿ, ಇಳಿದು, ಇನ್ನೊಂದು ವಿಮಾನ ಹಿಡಿಯಬೇಕು. ಇಲ್ಲಿಯ ಲೆಕ್ಕವನ್ನು ದಯವಿಟ್ಟು ನಿಧಾನವಾಗಿ ನೋಡಿ. ಕಲಬುರಗಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 461 ಕಿಲೋಮೀಟರ್. ಅಲ್ಲಿಂದ ಮೈಸೂರಿಗೆ ಸುಮಾರು 156. ಒಟ್ಟು 617. ನೇರ ದಾರಿಗಿಂತ ಹೆಚ್ಚಾದದ್ದು 54 ಕಿಲೋಮೀಟರ್ ಮಾತ್ರ. ಚಳ್ಳಕೆರೆಯಿಂದ ಹಿರಿಯೂರಿಗೆ ಹೋಗಿ ಬಂದಷ್ಟೂ ಅಲ್ಲ! ಹೊತ್ತಿನಲ್ಲಿ ನೋಡಿದರೆ ಮೊದಲ ಹಾರಾಟಕ್ಕೆ 80 ನಿಮಿಷ, ಎರಡನೆಯದಕ್ಕೆ 44, ಒಟ್ಟು 124. ಇದೂ ನೇರ ಹಾರಾಟಕ್ಕಿಂತ 31 ನಿಮಿಷ ಹೆಚ್ಚು ಅಷ್ಟೇ. ಆದರೆ ನಡುವೆ ಬೆಂಗಳೂರಿನಲ್ಲಿ ಮೂರು ಗಂಟೆ ಕಾದರೆ? 93 ನಿಮಿಷದ ಪ್ರಯಾಣ ಐದು ಗಂಟೆಯಾಯಿತು. ದೂರ ಹತ್ತರಲ್ಲಿ ಒಂದು ಪಾಲು ಬೆಳೆಯಿತು, ಹೊತ್ತು ಮೂರು ಪಟ್ಟು ಮೀರಿತು. ಸಣ್ಣ ಊರುಗಳನ್ನು ಪರಸ್ಪರ ದೂರ ಮಾಡುತ್ತಿರುವುದು ಈ ಕಾಯುವಿಕೆ.

ಮನೆಯ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕೋಣ. ಊರಿನಿಂದ ನಿಲ್ದಾಣಕ್ಕೆ ಅರ್ಧ ಗಂಟೆ. ತಪಾಸಣೆ ಮುಂತಾದವಕ್ಕೆ ಮುಂಚಿತವಾಗಿ ಹೋಗಿ ಕೂರಲು ಒಂದೂಕಾಲು ಗಂಟೆ. ಇಳಿದ ಮೇಲೆ ಸಾಮಾನು ಪಡೆದು ಹೊರಬರಲು 20 ನಿಮಿಷ, ಊರೊಳಗೆ ಸೇರಲು ಇನ್ನರ್ಧ ಗಂಟೆ. ನೇರ ವಿಮಾನವಾದರೆ ಒಟ್ಟು ನಾಲ್ಕು ಗಂಟೆ ಹತ್ತು ನಿಮಿಷದ ಹತ್ತಿರ. ಬೆಂಗಳೂರಿನ ಮೇಲೆ ಹೋದರೆ ಏಳು ಗಂಟೆ ನಲವತ್ತು ನಿಮಿಷ. ರಸ್ತೆಯಲ್ಲಿ? ಜೇವರ್ಗಿಯ ಬಳಿ ಆರಂಭವಾಗುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಹುಳಿಯಾರು, ನಾಗಮಂಗಲ, ಶ್ರೀರಂಗಪಟ್ಟಣಗಳ ಮೇಲೆ ಮೈಸೂರಿಗೆ, ಮುಂದೆ ಚಾಮರಾಜನಗರಕ್ಕೆ ಹೋಗುತ್ತದೆ. ನಾವು ಆಕಾಶದಲ್ಲಿ ಎಳೆದ ಗೆರೆಗೆ ನೆಲದ ಮೇಲಿನ ಜೋಡಿ ಇದು. ಕಲಬುರಗಿಯಿಂದ ಮೈಸೂರಿಗೆ ರಸ್ತೆ 600 ಕಿಲೋಮೀಟರ್ ದಾಟುತ್ತದೆ. ಗಂಟೆಗೆ ಸರಾಸರಿ 50 ಎಂದರೂ ಹನ್ನೆರಡು ಗಂಟೆ. ಬೆಂಗಳೂರಿನಲ್ಲಿ ಎರಡನೆಯ ವಿಮಾನ ತಪ್ಪಿ ರಾತ್ರಿ ಉಳಿಯಬೇಕಾಗಿ ಬಂತೆನ್ನಿ. ಆಗ ಆಕಾಶದಲ್ಲಿ ಹೊರಟವನು ರಸ್ತೆಯಲ್ಲಿ ಹೊರಟವನಿಗಿಂತ ಹಿಂದೆ ಬೀಳುತ್ತಾನೆ.

ಇದು ಯಾರಿಗೆ ಮುಖ್ಯ ಎಂದು ಕೆಲವರು ಕೇಳಬಹುದು. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಕಿವಿ ಕೇಳದ, ಮಾತು ಬಾರದ ಮಗುವನ್ನು ಕರೆದುಕೊಂಡು ತಾಯಿತಂದೆ ಬಹುದೂರದಿಂದ ಅಲ್ಲಿಗೆ ಬರುತ್ತಾರೆ. ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಭಾರತೀಯ ಭಾಷಾ ಸಂಸ್ಥಾನಗಳೂ ಅಲ್ಲಿಯೇ ಇವೆ. ಇತ್ತ ಕಲಬುರಗಿಯ ಕಡೆ ಉಚ್ಚ ನ್ಯಾಯಾಲಯದ ಪೀಠವಿದೆ, ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಆಳಂದದ ರೈತನ ಮಗಳು ಮೈಸೂರಿನಲ್ಲಿ ಓದಬಹುದು, ನಂಜನಗೂಡಿನ ಮೇಷ್ಟ್ರಿಗೆ ಕಲಬುರಗಿಯಲ್ಲಿ ಕೆಲಸವಿರಬಹುದು. ಇವರೆಲ್ಲ ದಿನವೂ ವಿಮಾನ ಹತ್ತುವುದಿಲ್ಲ, ನಿಜ. ಆದರೆ ತಂದೆಗೆ ಹುಷಾರಿಲ್ಲವೆಂದು ರಾತ್ರಿ ಫೋನು ಬಂದ ದಿನ ನಾಲ್ಕು ಗಂಟೆಗೂ ಹನ್ನೆರಡು ಗಂಟೆಗೂ ಇರುವ ಅಂತರ ಏನೆಂದು ಅವರಿಗೇ ಗೊತ್ತು.

ಹಾಗಿದ್ದರೆ ನೇರ ವಿಮಾನವನ್ನೇ ಏಕೆ ಓಡಿಸಬಾರದು? ಇಲ್ಲಿಯೂ ಲೆಕ್ಕವೇ ಅಡ್ಡ ಬರುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಕಲಬುರಗಿ, ಬೀದರ್, ಶಿವಮೊಗ್ಗ, ತೋರಣಗಲ್ಲಿನ ವಿದ್ಯಾನಗರ ಈ ಒಂಬತ್ತು ನಿಲ್ದಾಣಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ನೇರವಾಗಿ ಜೋಡಿಸಲು 36 ದಾರಿಗಳು ಬೇಕು. ಎಲ್ಲವನ್ನೂ ಬೆಂಗಳೂರಿಗೆ ಮಾತ್ರ ಜೋಡಿಸಿದರೆ 8 ದಾರಿ ಸಾಕು. ಮೊಳಕಾಲ್ಮೂರಿನ ಹಳ್ಳಿಯವರು ಪಾವಗಡಕ್ಕೆ ಹೋಗಬೇಕಾದರೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಇಳಿದು ಹತ್ತುವುದೂ ಇದೇ ನ್ಯಾಯದಿಂದ. ಇನ್ನು 70 ಆಸನಗಳ ವಿಮಾನ ದಿನಕ್ಕೊಮ್ಮೆ ಹೋಗಿ ಬಂದರೆ ವರ್ಷಕ್ಕೆ 51,100 ಆಸನಗಳಾಗುತ್ತವೆ. ಅವುಗಳಲ್ಲಿ ಬಹುಪಾಲು ತುಂಬದಿದ್ದರೆ ಸಂಸ್ಥೆಗೆ ಇಂಧನದ ಹಣವೂ ಹುಟ್ಟುವುದಿಲ್ಲ.

ಈ ಕೊರತೆಯನ್ನು ತುಂಬಿಕೊಡಲೆಂದೇ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಅದರ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ಗಂಟೆಯ, ಎಂದರೆ 500 ಕಿಲೋಮೀಟರ್ ಸುತ್ತಮುತ್ತಲಿನ ಪ್ರಯಾಣಕ್ಕೆ ಕೆಲವು ಆಸನಗಳ ದರ 2,500 ರೂಪಾಯಿ ಮೀರಬಾರದು ಎಂದು ಆಗ ಗೊತ್ತು ಮಾಡಿದ್ದರು. ನಷ್ಟದ ಪಾಲನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವುದು, ಅಷ್ಟರಲ್ಲಿ ದಾರಿ ತನ್ನ ಕಾಲ ಮೇಲೆ ನಿಲ್ಲುವುದು ಎಂಬುದು ಎಣಿಕೆ. ಇದರಿಂದ ಒಳ್ಳೆಯದಾಗಲಿಲ್ಲವೆಂದಲ್ಲ. 2017ರ ಸೆಪ್ಟೆಂಬರಿನಲ್ಲಿ ವಿದ್ಯಾನಗರದಿಂದ ಹೈದರಾಬಾದಿಗೆ ಟ್ರೂಜೆಟ್ ವಿಮಾನ ಹೊರಟಿತು. 2019ರಲ್ಲಿ ಅದೇ ಸಂಸ್ಥೆ ಬೆಳಗಾವಿಯಿಂದ ಮೈಸೂರಿಗೆ, ಬೆಂಗಳೂರನ್ನು ಮುಟ್ಟದೆ, ನೇರ ವಿಮಾನ ಹಾರಿಸಿತು. ಸಣ್ಣ ಊರಿನಿಂದ ಸಣ್ಣ ಊರಿಗೆ ಹಾರಬಹುದೆಂದು ಹಾರಿ ತೋರಿಸಿದ ಹಾಗಾಯಿತು. ಆದರೆ 2022ರ ಆರಂಭದಲ್ಲಿ ಟ್ರೂಜೆಟ್ ಹಾರಾಟವನ್ನೇ ನಿಲ್ಲಿಸಿತು. ಇದು ಒಂದು ಸಂಸ್ಥೆಯ ಕಥೆ ಮಾತ್ರವಲ್ಲ. ಮಹಾಲೇಖಪಾಲರ 2023ರ ವರದಿಯ ಪ್ರಕಾರ, ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿಕೆಯಾದ 774 ದಾರಿಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದವು 54.

ಅಂಕಿಗಳನ್ನು ನೋಡಿ ಕೈಚೆಲ್ಲಬೇಕಾಗಿಲ್ಲ. ಆದರೆ ನಿಲ್ದಾಣ ಕಟ್ಟಿದ ಮಾತ್ರಕ್ಕೆ ಊರುಗಳು ಹತ್ತಿರವಾಗುವುದಿಲ್ಲ ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಈ ಮಾತನ್ನು ಚಳ್ಳಕೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಪಕ್ಕದಲ್ಲೇ ಒಂದು ಓಡುದಾರಿ ಇದೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಇದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೂ ಎಟಿಆರ್ ಎಂದೇ. ಹೆಸರು ಕೇಳಿ, ಮೇಲೆ ಹೇಳಿದ ಎಟಿಆರ್ ವಿಮಾನ ಇಲ್ಲಿಗೆ ಬರುತ್ತದೆಂದು ತಿಳಿಯಬೇಡಿ. ಇಲ್ಲಿ ಹಾರುವುದು ಮನುಷ್ಯನಿಲ್ಲದ, ಪರೀಕ್ಷೆಯ ವಿಮಾನಗಳು. ಈ ಓಡುದಾರಿಗೆ ಟಿಕೆಟ್ ಇಲ್ಲ. ಸುತ್ತಲಿನ ಹಳ್ಳಿಗಳ ದನ, ಕುರಿಗಳು ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಇದಕ್ಕೂ ಇನ್ನಿತರ ವಿಜ್ಞಾನ ಸಂಸ್ಥೆಗಳಿಗೂ ಹೋಯಿತು. ಆ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋದದ್ದನ್ನು ಇಲ್ಲಿಯ ಜನ ಮರೆತಿಲ್ಲ. ದೇಶದ ಕೆಲಸಕ್ಕೆ ನೆಲ ಕೊಟ್ಟ ಸೀಮೆ ಎಂಬ ಹೆಮ್ಮೆಯೂ, ಮೇವಿನ ನೆಲ ಬೇಲಿಯೊಳಗೆ ಹೋಯಿತೆಂಬ ನೋವೂ ಒಂದೇ ಮನೆಯಲ್ಲಿ ಇರಬಹುದು.

ನಮ್ಮ ಲೆಕ್ಕಕ್ಕೆ ಪಾಠವೊಂದು ಈ ಓಡುದಾರಿಯಿಂದಲೂ ಸಿಗುತ್ತದೆ. ಬಾಹ್ಯಾಕಾಶಕ್ಕೆ ಹೋಗಿ ಮರಳಿ ವಿಮಾನದಂತೆ ಇಳಿಯಬಲ್ಲ ವಾಹನದ ಮಾದರಿಯನ್ನು ಇಸ್ರೋ 2023ರ ಏಪ್ರಿಲ್ 2ರಂದು ಇಲ್ಲಿ ಪರೀಕ್ಷಿಸಿತು. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಕೆಳಗೆ ತೂಗುಹಾಕಿಕೊಂಡು ಮೇಲೇರಿತು. ಸಮುದ್ರಮಟ್ಟದಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ, ಓಡುದಾರಿಯಿಂದ 4.6 ಕಿಲೋಮೀಟರ್ ದೂರದಲ್ಲಿ, ಎಲ್ಲವೂ ಸರಿಯಿದೆ ಎಂದು ಕಂಡುಕೊಂಡ ಮೇಲೆ ಬಿಟ್ಟುಕೊಟ್ಟಿತು. ವಾಹನ ತಾನಾಗಿ ದಾರಿ ಹುಡುಕಿಕೊಂಡು ಬಂದು 7 ಗಂಟೆ 40 ನಿಮಿಷಕ್ಕೆ ನೆಲ ಮುಟ್ಟಿತು. 2024ರ ಜೂನ್ 23ರ ಮೂರನೆಯ ಪರೀಕ್ಷೆಯಲ್ಲಿ ಅದು ಇಳಿದ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಅಂಥ ವೇಗದ ವಾಹನ ಐದು ಕಿಲೋಮೀಟರಿಗೂ ಕಡಿಮೆ ದೂರ ಕ್ರಮಿಸುವ ಕೆಲಸಕ್ಕೆ ಅರ್ಧ ಗಂಟೆ ಬೇಕಾಯಿತು. ಅದರಲ್ಲಿ ಬಹುಪಾಲು ಏರುವುದಕ್ಕೆ, ಹೊಂದಿಸಿಕೊಳ್ಳುವುದಕ್ಕೆ, ಕಾಯುವುದಕ್ಕೆ. ಹಾರುವ ಯಾವುದೇ ವಸ್ತುವಿಗೂ ವೇಗದಿಂದ ಕಡಿಮೆ ಮಾಡಲಾಗದ ಒಂದಷ್ಟು ಹೊತ್ತು ಇದ್ದೇ ಇರುತ್ತದೆ.

ಹಾಗಾದರೆ ಚಳ್ಳಕೆರೆಗೂ ಒಂದು ಪ್ರಯಾಣಿಕರ ನಿಲ್ದಾಣ ಬೇಡವೇ? ಲೆಕ್ಕ ಹಾಕಿ ನೋಡಿ. ಚಳ್ಳಕೆರೆಯಿಂದ ನೇರ ಗೆರೆಯಲ್ಲಿ ವಿದ್ಯಾನಗರ ಸುಮಾರು 96 ಕಿಲೋಮೀಟರ್, ಶಿವಮೊಗ್ಗ ನಿಲ್ದಾಣ 123, ಬೆಂಗಳೂರಿನದು 167. ಚಳ್ಳಕೆರೆಯಿಂದ ಬೆಂಗಳೂರಿಗೆ ವಿಮಾನ ಹಾರಿಸಿದರೆ ನಮ್ಮ ಸೂತ್ರದಂತೆ 45 ನಿಮಿಷ. ಅದರ ಮುಂದೆ ತಪಾಸಣೆಯ ಹೊತ್ತು, ಹಿಂದೆ ಇಳಿಯುವ ಹೊತ್ತು ಸೇರಿಸಿದರೆ, ಹಿರಿಯೂರಿನಲ್ಲಿ ಹೆದ್ದಾರಿ ಸೇರಿ ಹೊರಟ ಕಾರಿಗೂ ಅದಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ. ಇಷ್ಟು ಸಣ್ಣ ದೂರಕ್ಕೆ ವಿಮಾನ ತನ್ನ ಶಕ್ತಿ ತೋರಿಸಲಾರದು. ಅದು ನಾಲ್ಕುನೂರು, ಐನೂರು ಕಿಲೋಮೀಟರ್ ಮೇಲ್ಪಟ್ಟ ದೂರಕ್ಕೆ ಸಲ್ಲುವ ವಾಹನ. ಆದ್ದರಿಂದ ತಾಲ್ಲೂಕಿಗೊಂದು ನಿಲ್ದಾಣ ಕೇಳುವುದಕ್ಕಿಂತ, ಇರುವ ನಿಲ್ದಾಣಕ್ಕೆ ವಿಮಾನದ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಕೇಳುವುದು ಮೇಲು. ಬೆಂಗಳೂರಿನಲ್ಲಿ ಮೂರು ಗಂಟೆ ಕಾಯುವುದನ್ನು ಒಂದು ಗಂಟೆಗೆ ಇಳಿಸುವಂತೆ ಎರಡು ವೇಳಾಪಟ್ಟಿಗಳನ್ನು ಹೊಂದಿಸಿ, ಒಂದೇ ಟಿಕೆಟಿನಲ್ಲಿ ಎರಡೂ ಹಾರಾಟ ಸೇರಿಸಿಕೊಟ್ಟರೆ, ಹೊಸ ಓಡುದಾರಿ ಕಟ್ಟದೆಯೇ ಕಲಬುರಗಿ ಮೈಸೂರಿಗೆ ಎರಡು ಗಂಟೆ ಹತ್ತಿರ ಬರುತ್ತದೆ. ವಾರಕ್ಕೆ ಎರಡೇ ದಿನವಾದರೂ ನೇರ ವಿಮಾನ, ಅದೂ ನಿಲ್ಲದೆ ನಡೆಯುವಂಥದು, ವಾರದ ಏಳೂ ದಿನ ಎಂದು ಆರಂಭಿಸಿ ಆರು ತಿಂಗಳಲ್ಲಿ ನಿಂತುಹೋಗುವುದಕ್ಕಿಂತ ಉತ್ತಮ. ಜನ ನೆಚ್ಚಿಕೊಂಡ ಮೇಲೆ ಆಸನಗಳು ತುಂಬುತ್ತವೆ. ನೆಚ್ಚಿಕೆ ಹುಟ್ಟಲು ಕಾಲ ಬೇಕು.

ನಾನು ಕೆಲಸ ಮಾಡುವ ಮಾಧ್ಯಮದ ಒಂದು ಉದಾಹರಣೆ ಹೇಳುತ್ತೇನೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಆಡಿದ ಮಾತು ಕಲಬುರಗಿಯ ಮನೆಗೆ ತಲುಪುವಾಗ ನೇರ ಗೆರೆಯಲ್ಲಿ ಹೋಗುವುದಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಏರಿ, ಅಷ್ಟೇ ದೂರ ಇಳಿದು ಬರುತ್ತದೆ. 72,000 ಕಿಲೋಮೀಟರಿಗೆ ಕಾಲು ಸೆಕೆಂಡು. ಅಷ್ಟು ಸುತ್ತು ಹಾಕಿದರೂ ವೀಕ್ಷಕರಿಗೆ ದೂರವೆನಿಸದಿರಲು ಕಾರಣ, ದಾರಿಯಲ್ಲಿ ಎಲ್ಲಿಯೂ ಅದು ಕಾದು ಕೂರುವುದಿಲ್ಲ ಎಂಬುದು. ಮನುಷ್ಯರನ್ನು ಬೆಳಕಿನ ವೇಗದಲ್ಲಿ ಕಳುಹಿಸಲಾಗದು. ಕಾಯಿಸದೆ ಕಳುಹಿಸುವ ಪ್ರಯತ್ನವನ್ನಾದರೂ ಮಾಡಬಹುದು.

ಮುಂದೆ ಎಲ್ಲಿಯಾದರೂ ಎರಡು ಊರುಗಳ ನಡುವಿನ ವಿಮಾನದ ದೂರ, ಅವಧಿ ಎಂದು ಅಚ್ಚಾದದ್ದನ್ನು ಕಂಡರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ದೂರ ಅಳೆದದ್ದು ಊರಿನಿಂದ ಊರಿಗೋ, ನಿಲ್ದಾಣದಿಂದ ನಿಲ್ದಾಣಕ್ಕೋ? ಈ ಹೊತ್ತು ಬರಿಯ ಭಾಗಾಕಾರವೋ, ಗಾಲಿಯ ಅಡ್ಡಗಟ್ಟೆ ತೆಗೆದಲ್ಲಿಂದ ಇಡುವವರೆಗಿನ ಹೊತ್ತೋ? ಆ ದಾರಿಯಲ್ಲಿ ನಿಜವಾಗಿ ವಿಮಾನ ಇದೆಯೋ, ಇಲ್ಲದಿದ್ದರೆ ನಡುವೆ ಎಷ್ಟು ಕಾಯಬೇಕು? ವೇಳಾಪಟ್ಟಿಗಳು ಋತುವಿಗೊಮ್ಮೆ ಬದಲಾಗುತ್ತವೆ. ಈ ಪ್ರಶ್ನೆಗಳು ಬದಲಾಗುವುದಿಲ್ಲ.

ಮಕ್ಕಳಿಗಾಗಿ ಕೊನೆಯದೊಂದು ಲೆಕ್ಕ. ಮೊಳಕಾಲ್ಮೂರಿನ ಮೇಲೆ ಆರು ಕಿಲೋಮೀಟರ್ ಎತ್ತರದಲ್ಲಿ ವಿಮಾನ ಹೋಗುತ್ತಿದೆ ಎಂದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕ್ಷಿತಿಜ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಉತ್ತರ ಬರುತ್ತದೆ. 6,000ದ ವರ್ಗಮೂಲ ಸುಮಾರು 77.5. ಗುಣಿಸಿದರೆ 276 ಕಿಲೋಮೀಟರ್. ಆ ಬಿಂದುವಿನಿಂದ ಕಲಬುರಗಿಗೂ ಮೈಸೂರಿಗೂ ತಲಾ 281 ಕಿಲೋಮೀಟರ್. ಮೋಡವೂ ಧೂಳೂ ಇಲ್ಲದ ದಿನ, ಅಲ್ಲಿಂದ ನೋಡುವ ಕಣ್ಣಿಗೆ ಎರಡೂ ಊರುಗಳು ಕ್ಷಿತಿಜದಿಂದ ಐದೇ ಕಿಲೋಮೀಟರ್ ಆಚೆಗಿರುತ್ತವೆ. ಇನ್ನು ಸ್ವಲ್ಪ ಮೇಲೇರಿದರೆ ಎರಡೂ ಕ್ಷಿತಿಜದೊಳಗೆ ಬರಬೇಕು. ಎಷ್ಟು ಮೇಲೇರಬೇಕು ಎಂಬುದನ್ನು ನೀವೇ ಕಂಡುಹಿಡಿದು ನೋಡಿ.